ಮೊದಲ ಹೆಂಡತಿಯ ಪ್ರತಿ

ಮಾರ್ಚ್ ೪, ಸೋಮವಾರ
ಫ್ರೇಮುಗಳ ಧೂಳು ಒರೆಸಿದ್ದಾಯಿತು. ಎರಡು ಬೈಫೋಕಲ್ ಡೆಲಿವರಿ. ಮಧ್ಯಾಹ್ನ ಗೆದ್ದಲು ಬಂದ. ಹಳೇ ಪುಸ್ತಕದ ವ್ಯಾಪಾರಿ. ಹೆಸರಿಟ್ಟವನು ನಾನೇ — ಯಾರ ಮನೆಯಲ್ಲಿ ಸಾವಾದರೂ ಕಪಾಟಿನ ಹತ್ತಿರ ಮೊದಲು ಕಾಣುವವನು ಇವನು. ಒಂದು ಪುಸ್ತಕದ ಮೂರನೇ ಮುದ್ರಣವನ್ನು ಮೊದಲನೆಯದೆಂದು ದಾಟಿಸಲು ನೋಡಿದ. ಮುದ್ರಣಾಲಯದ ವಿಳಾಸ ತೋರಿಸಿದೆ. ತೆಪ್ಪಗಾದ.

“ಕನ್ನಡಕ ಮಾರೋರ ಕಣ್ಣಿಗೆ ಮಣ್ಣೆರಚೋಕೆ ಆಗುತ್ತಾ,” ಅಂದ.

ನಾನು ಆರಾಧಿಸುವ ಕವಿಯ ಎಲ್ಲ ಪುಸ್ತಕಗಳ ಮೊದಲ ಮುದ್ರಣವೂ ನನ್ನಲ್ಲಿದೆ, ಒಂದರ ಹೊರತು. ಮೊಟ್ಟಮೊದಲ ಸಂಕಲನ. ಹೆಸರು ಬಂದಮೇಲೆ ಆತನೇ ಹುಡುಕಿ ಹುಡುಕಿ ಸುಟ್ಟನಂತೆ. ಯಾವ ಲೈಬ್ರರಿಯಲ್ಲೂ ಇಲ್ಲ. ಕಪಾಟಿನಲ್ಲಿ ಅದಕ್ಕೆಂದು ಜಾಗ ಬಿಟ್ಟಿದ್ದೇನೆ. “ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ, ಏನಾದ್ರೂ ತುರುಕಿ,” ಅನ್ನುತ್ತಾಳೆ ಹೆಂಡತಿ.

ಮಾರ್ಚ್ ೭
ಸಮಾಧಾನವಾಗಿ ಬರೆಯಬೇಕು.

ಒಬ್ಬ ಮುದುಕಿಯನ್ನು ಅವಳ ತಮ್ಮನ ಮಗಳು ಕರೆತಂದಿದ್ದಳು. ಕಣ್ಣಿನ ನರ ಎರಡೂ ಕಡೆ ಸತ್ತಿದೆ. ಯಾವ ಗಾಜಿನಿಂದಲೂ ಪ್ರಯೋಜನವಿಲ್ಲ ಅಂದೆ. ಅಜ್ಜಿಗೆ ಬೇಜಾರಾದಂತಿರಲಿಲ್ಲ. ಹೊರಡುವಾಗ ಹುಡುಗಿ ಗೋಡೆಯ ಮೇಲಿನ ಕವಿಯ ಚಿತ್ರ ನೋಡಿ ನಿಂತಳು.

“ಅತ್ತೆ, ಇಲ್ಲಿ ಮಾವನ ಫೋಟೋ ಇದೆ.”

ಮೊದಲ ಹೆಂಡತಿ! ಕವಿಯ ಜೀವನಚರಿತ್ರೆಗಳಲ್ಲಿ ಅವಳಿಗೆ ಒಂದು ಪೂರ್ತಿ ಸಾಲೂ ಇಲ್ಲ — ‘ಬಾಲ್ಯವಿವಾಹ, ಬೇಗನೆ ಮುರಿಯಿತು’, ಅಷ್ಟೇ. ಬದುಕಿದ್ದಾಳೆಂದು ಯಾರಿಗೂ ಗೊತ್ತಿಲ್ಲ.

ಪತ್ರ, ಪೆನ್ನು, ಏನಾದರೂ ಇದೆಯಾ ಅಂತ ಕೇಳಿದೆ. ದನಿ ಆದಷ್ಟು ಸಪ್ಪೆ ಮಾಡಿಕೊಂಡು.

“ಒಂದು ಪುಸ್ತಕ ಇದೆ ಕಣಪ್ಪ. ನನಗೇ ಅಂತ ಕಳಿಸಿದ್ದು.”

ಮಾರ್ಚ್ ೧೦, ಭಾನುವಾರ
ಲಾಂಡ್ರಿ ಅಂಗಡಿಯ ಮೇಲಿನ ಎರಡು ರೂಮು. ಮೆಟ್ಟಿಲೆಲ್ಲ ಸೋಪಿನ ಹಬೆ. ಟ್ರಂಕಿನ ತಳದಲ್ಲಿ, ಹಳೇ ರವಿಕೆಯಲ್ಲಿ ಸುತ್ತಿಟ್ಟಿದ್ದಳು.

ಅದೇ. ಬೂದು ರಟ್ಟು, ಅಂಗೈಗಿಂತ ಸ್ವಲ್ಪ ದೊಡ್ಡದು. ಪಿನ್ನು ತುಕ್ಕು ಹಿಡಿದು ಎರಡು ಕಲೆ. ಅಚ್ಚಾದ ಹಾಳೆಗಳ ಅಂಚಿನ ಮಡಿಕೆ ಕತ್ತರಿಸಿಯೇ ಇಲ್ಲ, ಪುಟ ಬಿಡಿಸಲಾಗದು — ಅಂದರೆ ಯಾರೂ ಓದಿಲ್ಲ. ಅಚ್ಚಿನಿಂದ ಬಂದ ಹಾಗೇ ಇದೆ.

ಅಜ್ಜಿಗೆ ಅಕ್ಷರ ಬಾರದು. ಆ ಕಾಲದಲ್ಲಿ ಅಣ್ಣನ ಕೈಗೆ ಕೊಟ್ಟಳಂತೆ. ಅವನು ಮೊದಲ ಪುಟ ನೋಡಿದ, ಮುಖ ಕೆಂಪಾಯಿತು, ‘ನಿನಗೆ ಅರ್ಥ ಆಗಲ್ಲ, ಇಟ್ಕೋ’ ಅಂದ.

“ಗಂಡ ಹೆಂಡತಿ ಮಾತು, ಅಣ್ಣನಿಗೆ ನಾಚಿಕೆ ಆಯ್ತು,” ಅಂದು ನಕ್ಕಳು. “ಆಮೇಲೆ ಯಾರಿಗೂ ತೋರಿಸಲಿಲ್ಲ. ನೀನು ಅವರನ್ನ ಅಷ್ಟು ಓದಿದ್ದೀಯ. ಓದಿ ಹೇಳು. ಕೊಡೋದು ಬಿಡೋದು ಆಮೇಲೆ ನೋಡೋಣ.”

ಮೊದಲ ಪುಟ. ಕವಿಯದೇ ಕೈಬರಹ, ಸಹಿ: ‘ನನ್ನ ಹೆಂಡತಿಗೆ — ಓದಲಾರಳೆಂಬ ಭರವಸೆಯಿಂದ.’

ನಾನು ಓದಿದ್ದು: “ನನ್ನ ಹೆಂಡತಿಗೆ, ಪ್ರೀತಿಯಿಂದ.”

“ಅಷ್ಟೇನಾ? ಕಣ್ಣು ಚೆನ್ನಾಗಿದ್ದಾಗ ನೋಡ್ತಿದ್ದೆ. ಎರಡು ಸಾಲಿತ್ತಲ್ಲ?”

“…ಎಂದೆಂದಿಗೂ ನಿನ್ನವನು, ಅಂತಿದೆ.”

ಒಳಗೆ ಏನೇನೋ ಆಯಿತು. ಸಹಿ ಇರುವ ಪ್ರತಿ ಅನ್ನೋ ಸಂತೋಷ ಅದರಲ್ಲಿ ದೊಡ್ಡದಿತ್ತು.

ಮಾರ್ಚ್ ೧೭
ಹಾಳೆ ಬಿಡಿಸುವ ಮೂಳೆಯ ಚಾಕು ಒಯ್ದಿದ್ದೆ. ಮೊದಲ ಮಡಿಕೆ ಕತ್ತರಿಸಿದೆ. ಕತ್ತರಿಸದ ಪ್ರತಿ ಇದೊಂದೇ ಇತ್ತೇನೋ. ಕರುಳಿಗೇ ಚಾಕು ಹಾಕಿದಂತಾಯಿತು. ಆದರೆ ಓದದೆ ಪುಸ್ತಕ ಸಿಗಲ್ಲ.

ಕವಿತೆಗಳೆಲ್ಲ ಅವಳ ಮೇಲೆಯೇ. ಗೇಲಿ. ಒದ್ದೆ ಸೌದೆ ಅನ್ನುತ್ತಾನೆ — ಊದಿದಷ್ಟೂ ಹೊಗೆ, ಕಣ್ಣಲ್ಲಿ ನೀರು, ಬೆಂಕಿ ಮಾತ್ರ ಇಲ್ಲ. ಪ್ರಾಸ ಚೆನ್ನಾಗಿದೆ. ಯಾಕೆ ಸುಟ್ಟನೆಂದು ಈಗ ತಿಳಿಯಿತು. ಸುಡುವಷ್ಟಾದರೂ ನಾಚಿಕೆ ಇತ್ತಲ್ಲ.

ಬಾಯಿಗೆ ಬಂದದ್ದು ಕಟ್ಟಿ ಹೇಳಿದೆ. ಹಿಟ್ಟು ನಾದುವ ಕೈ, ಬಾಗಿಲಲ್ಲಿ ನಿಂತವಳ ನೆರಳು, ಹೀಗೆ ಏನೋ.

“ಹೌದು, ನಿಂತಿದ್ದೆ,” ಅಂದಳು. “ಹೋಗುವಾಗ ತಿರುಗಿ ನೋಡಲಿಲ್ಲ ಅಂದ್ಕೊಂಡಿದ್ದೆ. ನೋಡಿದ್ದಾರೆ.”

ಏಪ್ರಿಲ್ ೭
ಪ್ರತಿ ಭಾನುವಾರ ಒಂದು ಮಡಿಕೆ. ಸುಳ್ಳು ಈಗ ಸಲೀಸು. “ಕವಿಗೆ ಇಬ್ಬರು ಹೆಂಡತಿಯರು, ನಿಮಗೂ ಇಬ್ಬರಾದ್ರು,” ಅಂತಾಳೆ ನನ್ನ ಹೆಂಡತಿ.

ಅಜ್ಜಿ ತಲೆ ಬಾಚಿಕೊಂಡು ಕಾಯುತ್ತಾಳೆ. ಬೇಕರಿ ಕೆಲಸಕ್ಕೆ ಹೋಗುವ ಹುಡುಗಿ ಮೆಟ್ಟಿಲಲ್ಲಿ ಸಿಕ್ಕಿ, “ಅತ್ತೆ ಎರಡು ಹೊತ್ತೂ ಉಣ್ತಾ ಇದ್ದಾರೆ. ಒಬ್ಬರೇ ಇದ್ದಾಗ ಸಾಲು ಹೇಳ್ಕೋತಾರೆ. ನೀವು ದೇವರಂಗೆ ಬಂದ್ರಿ,” ಅಂದಳು.

ಮೇ ೫
ಕೊನೆಯ ಮಡಿಕೆ. ಪುಸ್ತಕ ಕೇಳಿಯೇಬಿಟ್ಟೆ.

“ಮೊದಲೇ ಕೇಳಿದ್ರೆ ಕೊಟ್ಟುಬಿಡ್ತಿದ್ದೆ ಕಣಪ್ಪ. ಒಳಗೇನಿದೆ ಅಂತ ಗೊತ್ತಿರಲಿಲ್ಲ. ಈಗ ಹೇಗೆ ಕೊಡಲಿ? ನಾನು ಹೋಗುವಾಗ ನನ್ನ ಜೊತೆಗೇ ಹೋಗಲಿ. ಎದೆ ಮೇಲೆ ಇಡು ಅಂತ ಇವಳ ಹತ್ತಿರ ಮಾತು ತಗೊಂಡಿದ್ದೀನಿ.”

ಹುಡುಗಿಯನ್ನು ಕೇಳಿದೆ. “ಮಾತು ಕೊಟ್ಟಾಯ್ತು ಸಾರ್.”

ನಾನೇ ಹೊಸೆದ ಹಗ್ಗ. ಈಗ ನನ್ನ ಕುತ್ತಿಗೆಗೇ.

ಮೇ ೯
ಗೆದ್ದಲಿಗೆ ಹೇಳಿದೆ. ಹೇಳಬಾರದಿತ್ತು.

“ಇದ್ದದ್ದು ಇದ್ದ ಹಾಗೆ ಓದಿಬಿಡಿ. ತಾನಾಗೇ ಎಸೀತಾಳೆ. ನಿಜ ಹೇಳೋಕೆ ಯಾರಪ್ಪನ ಅಪ್ಪಣೆ ಬೇಕು?”

ನಿಜ ತಿಳಿಯುವ ಹಕ್ಕು ಅವಳಿಗೂ ಇದೆ. ಈ ವಾಕ್ಯವನ್ನು ಬರೆದು ನೋಡಿದೆ. ಚೆನ್ನಾಗಿ ಕಾಣುತ್ತದೆ.

ಮೇ ೧೨, ಭಾನುವಾರ
ಓದಿದೆ.

ಮೊದಲಿನಿಂದ, ಅಕ್ಷರ ಬಿಡದೆ. ಅಜ್ಜಿ ಸೆರಗಿನ ಅಂಚು ಸವರುತ್ತಿದ್ದಳು. ಎರಡನೇ ಕವಿತೆಗೆ ಬೆರಳು ನಿಂತಿತು.

“ಒದ್ದೆ ಸೌದೆ ಅಂದ್ರೆ ನಾನಾ?”

“ಹೌದು.”

“ಮುಂದೆ ಓದು.”

ಮುಗಿಯಿತು. ಮೊದಲ ಪುಟದಲ್ಲಿ ನಿಜವಾಗಿ ಏನಿದೆ ಅಂತ ಕೇಳಿದಳು. ಅದನ್ನೂ ಹೇಳಿದೆ. ಕೆಳಗೆ ಲಾಂಡ್ರಿ ಯಂತ್ರ ತಿರುಗುತ್ತಲೇ ಇತ್ತು.

“ಇಷ್ಟು ದಿನ ಓದಿದ್ದು ಯಾರು ಬರೆದದ್ದು?”

“ನಾನೇ, ಅಜ್ಜಿ. ನಿಮಗೆ ನೋವಾಗಬಾರದು ಅಂತ.”

“ಇವತ್ತು ಆಗಬಹುದು ಅಂತ ಯಾಕೆ ಅನ್ನಿಸ್ತು?”

ಅವಳು ಕೈಚಾಚಿದಳು, ಪುಸ್ತಕ ಕೊಟ್ಟೆ. ಒಮ್ಮೆ ರಟ್ಟು ಸವರಿ ಗಾಳಿಯಲ್ಲಿ ಹಿಂದಕ್ಕೆ ನೀಡಿದಳು. ನಾನು ಎಲ್ಲಿ ಕೂತಿದ್ದೇನೆಂದು ತಿಳಿಯದೆ ಬೇರೆ ಕಡೆಗೆ.

“ತಗೊಂಡು ಹೋಗು.”

ಎದ್ದು ಆ ಕಡೆ ಹೋಗಿ ತೆಗೆದುಕೊಂಡೆ. ಮೆಟ್ಟಿಲ ಮಧ್ಯೆ ನಿಂತು ನೋಡಿದೆ — ರಟ್ಟಿನ ಮೂಲೆ ಮಡಿಚಿದೆಯಾ ಅಂತ. ಮಡಿಚಿರಲಿಲ್ಲ.

ಮೇ ೧೩
ಕಪಾಟಿನಲ್ಲಿ ಇಟ್ಟೆ. ಹೆಂಡತಿ ತೆಗೆದು ಮೊದಲ ಪುಟ ನೋಡಿದಳು.

“ಇದನ್ನ ಅವರಿಗೆ ಓದಿ ಹೇಳಿದ್ರಾ?”

“ಹೂಂ.”

“ಅವರು ಪುಸ್ತಕ ಕೊಟ್ಟಮೇಲಾ, ಕೊಡೋ ಮುಂಚೆನಾ?”

ಪುಸ್ತಕ ಮೇಜಿನ ಮೇಲಿಟ್ಟು ಹೋದಳು. ಕೈ ತೊಳೆಯುವ ಸದ್ದು ಕೇಳಿಸಿತು.

ಜೂನ್ ೩
ಹುಡುಗಿ ಅಂಗಡಿಗೆ ಬಂದಿದ್ದಳು. ಗಿರಾಕಿಗಳ ಮುಂದೆಯೇ — “ಏನಂದ್ರಿ ನಮ್ಮತ್ತೆಗೆ? ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ತುತ್ತು ಬಾಯಿಗಿಟ್ರೆ ಉಗೀತಾರೆ. ಡಾಕ್ಟರು ರೋಗ ಇಲ್ಲ ಅಂತಾರೆ.”

ಪುಸ್ತಕ ವಾಪಸ್ ತರಲಾ ಅಂತ ಕೇಳಬೇಕಿತ್ತು. “ವಯಸ್ಸಾಯಿತಲ್ಲಮ್ಮ,” ಅಂದೆ.

ಜೂನ್ ೫, ಸಂಜೆ
ಹೋದೆ. ಪುಸ್ತಕ ಜೇಬಿನಲ್ಲಿತ್ತು, ಕೊಟ್ಟುಬಿಡೋಣವೆಂದು. ದೇಹ ಒಂದು ಹಿಡಿ ಆಗಿದೆ. ಹೆಜ್ಜೆ ಸದ್ದಿಗೇ ಗುರುತು ಹಿಡಿದಳು.

“ಪುಸ್ತಕ ತಂದಿದ್ದೀನಿ ಅಜ್ಜಿ.”

“ಅದು ಬೇಡ. ನೀನು ಮೊದಲು ಓದ್ತಿದ್ದೆಯಲ್ಲ… ಅದು ಓದು.”

“ಅದು ಸುಳ್ಳು—”

“ಗೊತ್ತು. ಓದು.”

ಬಾಯಿ ತೆರೆದೆ. ಏನೂ ಇಲ್ಲ. ಕವಿಯ ಪ್ರತಿ ಮುದ್ರಣದ ತಪ್ಪಕ್ಷರಗಳೂ ನನಗೆ ಬಾಯಿಪಾಠ. ನಾನೇ ಕಟ್ಟಿದ್ದು ಒಂದೂ ನೆನಪಿಲ್ಲ. ಅಜ್ಜಿ ತಾನೇ ಎತ್ತಿಕೊಟ್ಟಳು, ಮಗುವಿಗೆ ಹೇಳಿಕೊಡುವಂತೆ: “ನೀನು ಬಾಗಿಲಲ್ಲಿ ನಿಂತರೆ…” ಕಾದಳು. ಮುಂದಿನದು ಅವಳಿಗೂ ಮರೆತಿತ್ತು. ಆಮೇಲೆ ಗೋಡೆಗೆ ತಿರುಗಿದಳು.

ಮನೆಗೆ ಬಂದು ಈ ದಿನಚರಿಯನ್ನೆಲ್ಲ ತಿರುವಿದೆ. ಪುಸ್ತಕದ ಅಳತೆ ಬರೆದಿದ್ದೇನೆ, ತುಕ್ಕಿನ ಕಲೆ ಬರೆದಿದ್ದೇನೆ. ಸಾಲು ಬರೆದಿಲ್ಲ.

ಜೂನ್ ೬, ಬೆಳಿಗ್ಗೆ
ಅಂಗಡಿ ತೆರೆದಿಲ್ಲ. ಹೊಸದಾಗಿ ಕಟ್ಟಿಕೊಂಡು ಹೋಗುತ್ತೇನೆ, ಅವಳಿಗೇನು ವ್ಯತ್ಯಾಸ ಗೊತ್ತಾಗುತ್ತದೆ. ನೀನು ಬಾಗಿಲಲ್ಲಿ ನಿಂತರೆ ಬೆಳಕಿಗೇ — ಅಲ್ಲ. ದಾರಿಗೆ ಕಾಲು… ಅದೂ ಅಲ್ಲ. ಕವಿಯ ಥರವೇ ಬರುತ್ತಿದೆ, ಹಾಳು ಪ್ರಾಸ.

ಒಳಗೆ ಫೋನು. ಹೆಂಡತಿ ಎತ್ತಿದಳು. “ಯಾವಾಗಮ್ಮ?” ಅನ್ನುತ್ತಿದ್ದಾಳೆ. “ಒಬ್ಬಳೇ ಇದ್ದೀಯಾ?” ಅನ್ನುತ್ತಿದ್ದಾಳೆ.

ಸಿಕ್ಕಿತು ಅನ್ನಿಸುತ್ತಿದೆ. ಇದೇ ಇರಬೇಕು. ನೀನು ಬಾಗಿಲಲ್ಲಿ ನಿಂತರೆ