ಮೂರನೇ ಮಹಡಿಯ ಮಗು

ರೆವೂತ್ಸಾ,
ಆಗಸ್ಟ್ 5, ಮಂಗಳವಾರ

ಮುದ್ದು ರಾದ್ಕಾ,

ಕಳೆದ ಗುರುವಾರ ನೀನು ವ್ಯಾನಿನಿಂದ ಇಳಿದು, ನನ್ನನ್ನು ಅದೇ ವ್ಯಾನಿಗೆ ಹತ್ತಿಸಿ, ಕೋಣೆಗೆ ಹೋದವಳೇ ಹಾಸಿಗೆಯಡಿ ಕೈ ಹಾಕಿರುತ್ತೀಯ. ಅಲ್ಲಿ ಕಾಗದ ಇಲ್ಲದ್ದು ಕಂಡು ಹಾಸಿಗೆಯನ್ನೇ ಮಗುಚಿ ಹುಡುಕಿರುತ್ತೀಯ. ಓಮಾಳ ಮಗನ ಕೈಗೆ ಸಿಕ್ಕಿತೋ ಏನೋ ಎಂದು ಹೆದರಿ ಐದು ದಿನದಿಂದ ಸರಿಯಾಗಿ ಉಂಡಿರಲಾರೆ. ಊಟ ಮಾಡು. ಕಳ್ಳಿ ನಾನೇ.

ಪೂರ್ತಿ ಓದಿದ ಮೇಲೆ ಬೈ. ಆಸ್ಟ್ರಿಯದಲ್ಲಿ ನಾವಿಬ್ಬರೂ ನೋಡಿಕೊಳ್ಳುವುದು ಒಂದೇ ಮುದುಕಿಯನ್ನು, ಆ ಓಮಾಳನ್ನು; ಒಂದೇ ಕೋಣೆ, ಒಂದೇ ಹಾಸಿಗೆ. ಹದಿನಾಲ್ಕು ದಿನ ನೀನು, ಹದಿನಾಲ್ಕು ದಿನ ನಾನು. ಮೂರು ವರ್ಷದಿಂದ ಒಂದೇ ದಿಂಬಿಗೆ ತಲೆ ಕೊಟ್ಟವರು, ಆದರೂ ಒಂದು ದಿನ ಎದುರುಬದುರು ಕೂತು ಕಾಫಿ ಕುಡಿದವರಲ್ಲ. ಪಾಲೋ ವ್ಯಾನಿನ ಹಾರ್ನ್ ಹೊಡೆಯುವುದರೊಳಗೆ ಓಮಾಳ ಮಾತ್ರೆ, ಓಮಾಳ ಹೊಟ್ಟೆ, ಓಮಾಳ ಮುನಿಸು, ಅಷ್ಟೇ ನಮ್ಮ ಮಾತು. ಇಬ್ಬರು ಮಲಗುವ ಹಾಸಿಗೆಯಲ್ಲಿ ಗುಟ್ಟು ಬಚ್ಚಿಡಲು ಹೋದೆಯಲ್ಲ, ನಿನ್ನ ಜಾಣತನಕ್ಕೆ ಏನು ಹೇಳಲಿ! ನಾನು ಬಂದ ದಿನವೇ ಹಾಸು ಬದಲಿಸುವಾಗ ಸಿಕ್ಕಿತು. ಎಂಟು ಮಡಿಕೆ ಮಾಡಿ ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿದ್ದೆ. ಹರಿದುಹಾಕಲು ಭಯ, ನೋಡಲು ಸಂಕಟ, ಅಲ್ಲವೇ?

ಬೇರೆಯವರ ಕಾಗದ ಓದಬಾರದು ಎಂದು ನನಗೂ ಗೊತ್ತು. ಓದಿದೆ. ಮಕ್ಕಳ ಭತ್ಯೆ ಕೊಡಲು ಬರುವುದಿಲ್ಲ, ಏಕೆಂದರೆ ಮಗು ನಿಮ್ಮ ಮನೆಯಲ್ಲಿ ವಾಸವಾಗಿಲ್ಲ ಎಂದು ಆಸ್ಟ್ರಿಯದ ಕಚೇರಿಯವರು ಬರೆದಿದ್ದರು. ಜೊತೆಗೆ ನಿನ್ನ ಅರ್ಜಿಯ ಪ್ರತಿಯೂ ಇತ್ತು. 'ಮಗು ಅರ್ಜಿದಾರರ ಮನೆಯಲ್ಲೇ ವಾಸವಾಗಿದೆಯೇ?' ಎಂಬಲ್ಲಿ ನಿನ್ನದೇ ಕೈಬರಹದಲ್ಲಿ 'ಇಲ್ಲ'. ಯಾರ ಮನೆಯಲ್ಲಿ ಎಂಬಲ್ಲಿ ನಿನ್ನ ಅತ್ತೆ ಇಲೋನಾಳ ಹೆಸರು. ಕಚೇರಿಯವರನ್ನು ಬೈದು ಪ್ರಯೋಜನವಿಲ್ಲ ಹುಡುಗಿ, ನೀನು ಹೇಳಿದ್ದನ್ನೇ ಅವರು ತಿರುಗಿಸಿ ಹೇಳಿದ್ದಾರೆ.

ಯಾಕೆ ಹಾಗೆ ಬರೆದೆ ಎಂದು ನಾನು ಕೇಳಬೇಕಾಗಿಲ್ಲ. ಹೊರಡುವ ದಿನ ದೊರೊತ್ಕಾಳ ಬಟ್ಟೆ ಚೀಲಕ್ಕೆ ತುಂಬಿ, ಅವಳ ಕೈ ಹಿಡಿದು, ಮೂರನೇ ಮಹಡಿಯ ನಿನ್ನ ಮನೆಯಿಂದ ಒಂದನೇ ಮಹಡಿಯ ಅತ್ತೆಯ ಮನೆಗೆ ಇಳಿಸಿ ಬರುತ್ತೇನೆ ಎಂದು ನೀನೇ ಒಮ್ಮೆ ಹೇಳಿದ್ದೆ. ಕೈಯಾರೆ ಬಿಟ್ಟು ಬಂದವಳು 'ನನ್ನ ಮನೆಯಲ್ಲಿದ್ದಾಳೆ' ಎಂದು ಹೇಗೆ ಬರೆಯಲಿ ಅಂದುಕೊಂಡೆ. ಇಂಥ ತಪ್ಪು ಸರದಿಯ ಮೇಲೆ ದುಡಿಯುವ ನಮ್ಮಂಥವರು ಮಾತ್ರ ಮಾಡುವುದು. ಊರಲ್ಲೇ ಕೆಲಸವಿರುವವಳು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ. ನಡುವೆ ನಿನ್ನ ಮಗು ಯಾರದ್ದು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ನಮ್ಮ ಬೆಳಿಗ್ಗೆ ಒಂದು ಗುರುವಾರ, ನಮ್ಮ ಸಂಜೆ ಇನ್ನೊಂದು ಗುರುವಾರ. ದುಡಿಯಲು ಹೋದವಳು ಮನೆ ಬಿಟ್ಟು ಹೋದವಳಲ್ಲ. ನನ್ನ ಮಗಳು ಆಲ್ಜ್‌ಬೆತಾಳಿಗಾಗಿ ನಾನು ಹನ್ನೆರಡು ವರ್ಷ ಈ ಭತ್ಯೆ ತೆಗೆದುಕೊಂಡವಳು. ಪ್ರತಿ ಸಲ 'ಹೌದು' ಎಂದೇ ಬರೆದೆ, ಒಂದು ಸಲವೂ ಅರ್ಜಿ ತಿರುಗಿ ಬರಲಿಲ್ಲ.

ಮೊನ್ನೆ ವ್ಯಾನಿನ ಹತ್ತಿರ ಭತ್ಯೆ ಏನಾಯಿತೆಂದು ನಿನ್ನನ್ನು ಬೇಕೆಂದೇ ಕೇಳಿದೆ. 'ಆ ದುಡ್ಡೇ ನಂಗೆ ಬೇಡ, ಬಿಡಿ' ಎಂದು ಮುಖ ತಿರುಗಿಸಿದೆ. ನಿನ್ನ ಕಣ್ಣು ನೋಡಿದೆ. ದುಡ್ಡಿನ ದುಃಖ ಹಾಗಿರುವುದಿಲ್ಲ. ಮಗು ನಿನ್ನದಲ್ಲ ಎಂದು ಯಾರೋ ಮೊಹರು ಒತ್ತಿ ಕಳಿಸಿದ ಹಾಗೆ ನಿನಗಾಗಿದೆ. ಅದರ ಮೇಲೆ, ಅತ್ತೆಗೆ ಈ ಕಾಗದ ಗೊತ್ತಾದರೆ 'ನೋಡು, ಸರಕಾರವೇ ನನ್ನ ಹೆಸರು ಹೇಳಿದೆ' ಎಂದು ಮಗುವನ್ನೇ ಇಟ್ಟುಕೊಂಡುಬಿಟ್ಟಾಳು ಎಂಬ ಅಂಜಿಕೆ ಬೇರೆ.

ನಿನ್ನನ್ನು ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ಊರಿಗೆ ಬಂದವಳು ನಮ್ಮವರ ಅರ್ಜಿಗಳನ್ನೆಲ್ಲ ತುಂಬಿಕೊಡುವ ಯಾರ್ಮಿಲಾಳ ಹತ್ತಿರ ಹೋದೆ. ಅವಳು ಕನ್ನಡಕ ಏರಿಸಿ ಓದಿ, 'ಹನ್ನೊಂದನೇ ತಾರೀಕಿನವರೆಗೆ ಮೇಲ್ಮನವಿ ಹಾಕ್ಬಹುದು. ಆದ್ರೆ ಮಗು ತಾಯಿ ಮನೇಲೇ ಇದೆ ಅಂತ ಆ ಅತ್ತೆನೇ ಬರ್ಕೊಡ್ಬೇಕು. ಅವಳ ಹೆಸರನ್ನ ರಾದ್ಕಾನೇ ಕೊಟ್ಟಿದಾಳಲ್ಲ, ಈಗ ಆ ಅತ್ತೆನೇ ಅಲ್ಲ ಅನ್ಬೇಕು' ಅಂದಳು. ಸರಿ, ಭಾನುವಾರ ಬಸ್ಸು ಹತ್ತಿ ಯೆಲ್ಶಾವಾಕ್ಕೆ, ನಿಮ್ಮ ಕಟ್ಟಡಕ್ಕೆ ಹೋದೆ.

ಇಲೋನಾ ಬಾಗಿಲು ಅರ್ಧ ತೆಗೆದು, 'ಓ, ನೀವೇನಾ? ನಮ್ಮ ರಾದ್ಕಾ ಹಾಸಿಗೇಲಿ ಮಲಗೋರು?' ಅಂದಳು.

'ಅವಳೇ ನನ್ನ ಹಾಸಿಗೇಲಿ ಮಲಗೋದು. ಆ ಮನೆಗೆ ಮೊದ್ಲು ಬಂದೋಳು ನಾನು' ಅಂದೆ.

ನಕ್ಕಳು. ಬಂದ ಕೆಲಸ ಹೇಳಲು ಬಿಡದೆ ಮೊದಲು ಕೋಳಿಸಾರು ಬಡಿಸಿದಳು. ಸಾರು ಚೆನ್ನಾಗಿತ್ತು, ಉಪ್ಪು ಒಂದು ಚೂರು ಮುಂದು. ದೊರೊತ್ಕಾ ನನ್ನ ಎದುರಿಗೆ ಕೂತು ಸಾರಿನೊಳಗಿನ ಶಾವಿಗೆಯನ್ನು ಒಂದೊಂದೇ ಎಳೆ ಹೀರುತ್ತಿದ್ದಳು. ಮುಂದಿನ ಹಲ್ಲು ಒಂದು ಬಿದ್ದಿದೆ, ಫೋನಿನಲ್ಲಿ ನೋಡಿರುತ್ತೀಯ. ಆಮೇಲೆ ಕಾಗದ ತೆಗೆದು ವಿಷಯ ಹೇಳಿದೆ. ಇಲೋನಾ ಸೌಟು ಕೆಳಗಿಟ್ಟಳು.

'ಉಣಿಸೋಳು ನಾನು, ಜಡೆ ಹೆಣೆಯೋಳು ನಾನು, ಜ್ವರ ಬಂದ್ರೆ ಪಕ್ಕದಲ್ಲಿ ಕೂರೋಳು ನಾನು. ಕಾಗದದ ಮೇಲೆ ಮಾತ್ರ ಅವಳ ಮನೇಲಿದೆ ಅಂತ ಬರ್ಕೊಡ್ಬೇಕಾ? ಚೆನ್ನಾಗಿದೆ ಕಣ್ರೀ!'

ನನಗೂ ಸಿಟ್ಟು ಬಂತು. 'ಅವಳು ಅಲ್ಲೇನು ಕುಣಿಯೋಕೆ ಹೋಗಿದಾಳಾ? ಈ ಕೋಳಿ ಯಾರ ದುಡಿಮೇಲಿ ಬಂತು?' ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವಳ ಮುಖ ಒಮ್ಮೆಗೇ ಇಳಿದುಹೋಯಿತು.

'ಇವತ್ತು ಬರ್ಕೊಡ್ತೀನಿ. ನಾಳೆ ಮಗೂನ ಎತ್ಕೊಂಡು ಆಸ್ಟ್ರಿಯಕ್ಕೇ ಹೋಗ್ತಾಳೆ. ನನ್ನ ಮಗ ಇಂಗ್ಲೆಂಡಿಗೆ ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡ್ದ, ತಿರುಗಿ ನೋಡ್ಲಿಲ್ಲ. ಇದೂ ಹೋದ್ರೆ ನಾನು ಯಾರ ಮುಖ ನೋಡ್ಕೊಂಡು ಇರ್ಲಿ, ಹೇಳಿ?' ಅಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನೀನು ಅವಳಿಗೆ ಹೆದರುತ್ತೀಯ, ಅವಳು ನಿನಗೆ ಹೆದರುತ್ತಾಳೆ. ಒಂದೇ ಮಗುವನ್ನು ಕಳೆದುಕೊಳ್ಳುವ ಭಯ ಒಂದೇ ಕಟ್ಟಡದ ಎರಡು ಮಹಡಿಯಲ್ಲಿ.

ಆಗ ದೊರೊತ್ಕಾ ತಲೆಯೆತ್ತಿ, 'ಅಜ್ಜೀ, ಇವತ್ತೂ ನಮ್ಮನೇಲೇ ತಾನೇ ಮಲಗೋದು?' ಅಂದಳು.

'ಯಾವ ಮನೆ ಪುಟ್ಟೀ?' ಎಂದೆ ನಾನು.

'ನಮ್ಮನೆ. ಮೇಲೆ. ಇದು ಅಜ್ಜಿ ಮನೆ, ಇಲ್ಲಿ ಊಟ ಮಾತ್ರ.'

'ಸುಮ್ನೆ ಉಣ್ಣೇ' ಎಂದು ಇಲೋನಾ ಗದರಿದಳು. ಕಿವಿಯವರೆಗೂ ಕೆಂಪಾಗಿದ್ದಳು. ಆದರೆ ಆರು ವರ್ಷದ ಬಾಯಿಗೆ ಬೀಗ ಹಾಕಿದವರುಂಟೇ? 'ಅಜ್ಜಿ ಸೋಫಾ ಮೇಲೆ ಮಲಗ್ತಾಳೆ, ಗೊರಕೆ ಹೊಡೀತಾಳೆ. ನಾನು ಅಮ್ಮನ ಮಂಚದಲ್ಲಿ. ಅಮ್ಮ ಬಂದು ಬೆಲ್ ಮಾಡಿದ್ರೆ ಬಾಗ್ಲು ತೆಗಿಯೋಕೆ ಯಾರಾದ್ರೂ ಇರ್ಬೇಕಲ್ವಾ?' ಎಂದಳು.

ರಾದ್ಕಾ, ಇಲ್ಲಿ ಸ್ವಲ್ಪ ನಿಲ್ಲು. ಓಮಾ ಕರೆದರೂ ಒಂದು ನಿಮಿಷ ಕಾಯಲಿ. ನೀನು ಚೀಲ ತುಂಬಿ ಕೆಳಗೆ ಬಿಟ್ಟು ಬರುತ್ತೀಯಲ್ಲ, ನಿನ್ನ ವ್ಯಾನು ತಿರುವು ದಾಟುವುದರೊಳಗೆ ನಿನ್ನ ಮಗಳು ಅದೇ ಚೀಲ ಎಳೆದುಕೊಂಡು ಮೇಲೆ ಹತ್ತುತ್ತಾಳಂತೆ. ಮೊದಲ ಸಲ ಇಲೋನಾ ಬೈದಳಂತೆ, ಆಸೆ ತೋರಿಸಿದಳಂತೆ, ಕೊನೆಗೆ ತನ್ನ ದಿಂಬು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಹತ್ತಿದಳಂತೆ. ಮೂರು ವರ್ಷದಿಂದ ಹೀಗೇ ನಡೆದಿದೆ. ನೀನು ಫೋನ್ ಮಾಡುವುದು ಊಟದ ಹೊತ್ತಿಗೆ, ಆಗ ಅವರು ಕೆಳಗಿನ ಅಡುಗೆಮನೆಯಲ್ಲಿರುತ್ತಾರೆ. ನಿನಗೆ ಕಂಡದ್ದು ಅಷ್ಟೇ.

ಮೇಲೆ ಹೋಗಿ ನನ್ನ ಕಣ್ಣಾರೆ ನೋಡಿ ಬಂದೆ. ಲಿಫ್ಟಿಲ್ಲದ ಕಟ್ಟಡ, ಇಲೋನಾಳ ಮಂಡಿ ನೋಡಿದರೆ ಒಂದೊಂದು ಮೆಟ್ಟಿಲೂ ಶಿಕ್ಷೆ. ನಿನ್ನ ಸೋಫಾದ ಮೇಲೆ ಅವಳ ಹೊದಿಕೆ, ಕಿಟಕಿಯಲ್ಲಿ ಅವಳ ರಕ್ತದೊತ್ತಡದ ಮಾತ್ರೆ. ನೀನು ಬರುವ ಹಿಂದಿನ ದಿನ ಎಲ್ಲವನ್ನೂ ಎತ್ತಿ ಕೆಳಗೆ ಸಾಗಿಸುತ್ತಾಳೆ.

'ಅವಳಿಗೆ ಹೇಳ್ಬೇಡಿ' ಎಂದು ನನ್ನ ತೋಳು ಹಿಡಿದಳು. 'ಮೊಮ್ಮಗಳನ್ನ ನನ್ನ ಮನೇಲಿ ಬೆಳೆಸ್ತಿದೀನಿ ಅಂತ ಕಟ್ಟಡಕ್ಕೆಲ್ಲಾ ಹೇಳ್ಕೊಂಡಿದೀನಿ. ಅದು ಒಂದಿನಾನೂ ನನ್ನ ಮನೇಲಿ ಮಲಗಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?'

'ಹೇಳೇ ಹೇಳ್ತೀನಿ. ಆದ್ರೆ ಮಂಡಿ ನೋವು ತಿಂದ್ಕೊಂಡು ದಿನಾ ಹತ್ತಿದ್ದನ್ನೂ ಹೇಳ್ತೀನಿ' ಎಂದೆ. ಅವಳು ಅತ್ತಳು. ನಾನೂ ಅತ್ತೆ. ನಿನ್ನ ಮಗಳು ನಮ್ಮಿಬ್ಬರಿಗೂ ಒಂದೊಂದು ಬಿಸ್ಕತ್ತು ತಂದುಕೊಟ್ಟಳು.

ಆಮೇಲೆ ನಿನ್ನದೇ ಮೇಜಿನ ಮುಂದೆ ಕೂತು ಬರೆದಳು. ಹೇಳಿ ಬರೆಸಲು ಹೋದೆ, 'ನಂಗೂ ಅಕ್ಷರ ಬರತ್ತೆ' ಎಂದು ಗದರಿದಳು. ಬರೆದದ್ದು ಇಷ್ಟು: 'ಈ ಮಗು ತನ್ನ ತಾಯಿಯ ಮನೆಯಲ್ಲಿಯೇ ವಾಸವಾಗಿದೆ. ತಾಯಿ ದುಡಿಯಲು ಹೋದಾಗ ನಾನು ಅಲ್ಲಿಗೆ ಹೋಗಿ ಇರುತ್ತೇನೆ.' ಕೆಳಗೆ ಸಹಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನೀನು ಪ್ರಾಮಾಣಿಕಳಾಗಿ ಬರೆದ 'ಇಲ್ಲ'ವೇ ಸುಳ್ಳಾಗಿತ್ತು, ಪೆದ್ದೀ.

ಆ ಪತ್ರ, ಅದರ ಜರ್ಮನ್ ಅನುವಾದ, ಯಾರ್ಮಿಲಾ ಬರೆದ ಮೇಲ್ಮನವಿ, ಎಲ್ಲವೂ ಇದರೊಳಗಿವೆ. ನೀನು ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಪಾಲೋ ಗುರುವಾರ ತಂದುಕೊಡುತ್ತಾನೆ. ಶುಕ್ರವಾರವೇ ಅಂಚೆಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಕಳಿಸು, ರಸೀದಿ ಇಟ್ಟುಕೋ. ಅಷ್ಟು ಹೊತ್ತು ಪಕ್ಕದ ಮನೆಯವಳು ಓಮಾಳ ಜೊತೆ ಕೂರುತ್ತಾಳೆ, ಮಾತಾಡಿದ್ದೇನೆ. ಇದರ ಜೊತೆ ಕಳಿಸಿದ ಡಬ್ಬಿಯಲ್ಲಿರುವ ಗಸಗಸೆ ತುಂಬಿದ ಸಿಹಿ ಸುರುಳಿ ನಿನಗೆ. ಓಮಾಳಿಗೆ ಒಂದು ಚೂರಿಗಿಂತ ಹೆಚ್ಚು ಕೊಡಬೇಡ, ಎಷ್ಟು ಗೋಗರೆದರೂ.

ಇನ್ನೊಂದು ಮಾತು. ಸೆಪ್ಟೆಂಬರಿನಲ್ಲಿ ದೊರೊತ್ಕಾ ಒಂದನೇ ತರಗತಿಗೆ ಹೋಗುವ ಮೊದಲ ದಿನ ನಿನ್ನ ಸರದಿಯಲ್ಲಿ ಬರುತ್ತದೆ. ಓಮಾಳ ಮಗನಿಗೆ ಫೋನ್ ಮಾಡಿದ್ದೇನೆ. ನನ್ನ ಸರದಿ ಮುಗಿದ ಮೇಲೂ ಒಂದು ವಾರ ನಾನೇ ಇರುತ್ತೇನೆ. ಆ ದಿನ ಅವಳ ಚೀಲ ಹೊರುವವಳು ನೀನು.

ಇಲೋನಾಳ ಮೇಲೆ ರೇಗಬೇಡ. ಮುಂದಿನ ಗುರುವಾರ ಮನೆಗೆ ಹೋದಾಗ ಅವಳ ದಿಂಬು ಸೋಫಾದ ಮೇಲೇ ಇರಲಿ ಎಂದು ಮಾತ್ರ ಹೇಳು.

ನಿನ್ನ ಅರ್ಧ ಹಾಸಿಗೆಯ ಒಡತಿ,
ಹೆದ್ವಿಗಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹನ್ನೆರಡು ವರ್ಷ 'ಹೌದು' ಎಂದು ಬರೆದೆ ಅಂದೆನಲ್ಲ. ಆಲ್ಜ್‌ಬೆತಾಳಿಗೆ ಹದಿನೆಂಟು ತುಂಬಿದ ವರ್ಷ, ಈ ಸಲ ಮಗಳ ಕೈಯಿಂದಲೇ ತುಂಬಿಸಿ ತಾ ಎಂದಳು ಯಾರ್ಮಿಲಾ. ಎಲ್ಲಿ ವಾಸ ಎಂಬ ಪ್ರಶ್ನೆಗೆ ಅವಳು ಒಂದು ಗಳಿಗೆಯೂ ಯೋಚಿಸದೆ, ಅವಳನ್ನು ಸಾಕಿದ ನನ್ನ ಅಮ್ಮನ ಹೆಸರು ಬರೆದು, ನನ್ನ ಕೈಗೆ ಕೊಟ್ಟು, ಚಹಾ ಬೇಕಾ ಎಂದು ಕೇಳಿದಳು. ಸಿಟ್ಟಿನಿಂದ ಬರೆದದ್ದಲ್ಲ, ಅವಳಿಗೆ ಅದೇ ನಿಜ. ಆ ಅರ್ಜಿಯನ್ನು ನಾನು ಕಳಿಸಲೇ ಇಲ್ಲ. ಅವಳು ಮೊದಲ ದಿನ ಶಾಲೆಗೆ ಹೋದಾಗ ಯಾವ ಬಣ್ಣದ ಅಂಗಿ ಹಾಕಿದ್ದಳು ಎಂಬುದು ನನಗೆ ಈಗಲೂ ಗೊತ್ತಿಲ್ಲ.