ಕೊಹಾರುವಿಗೆ ಊದುಬತ್ತಿ

ನವೆಂಬರ್ ೧೪, ಗುರುವಾರ, ನೀಗಾಟ

ಕೊಹಾರು ತೀರಿಕೊಂಡಳಂತೆ. ಅವಳ ಪ್ರಸಾರ ನಡೆಸುವ ಕಂಪನಿ ಸಂಜೆ ನಾಲ್ಕೇ ಸಾಲು ಪ್ರಕಟಿಸಿದೆ. ಮೂರು ವರ್ಷ ದಿನವೂ ಅವಳ ನೇರಪ್ರಸಾರ ನೋಡಿದ್ದೇನೆ. ತೆರೆಯ ಮೇಲೆ ಕಂಡದ್ದು ನರಿಕಿವಿಯ ಕಾರ್ಟೂನ್ ಹುಡುಗಿ. ಹೆಸರೂ ಆ ಬೊಂಬೆಯದೇ, ದನಿಯಷ್ಟೇ ಅವಳದು. ಅಪ್ಪ ತೀರಿಕೊಂಡ ವಾರ ನಾನು ಚಾಟ್‌ನಲ್ಲಿ ಬರೆದದ್ದನ್ನು ಓದಿ, ಆಡುತ್ತಿದ್ದ ವಿಡಿಯೋ ಗೇಮ್ ನಿಲ್ಲಿಸಿ, "ಊಟ ಮಾಡಿದ್ರಾ?" ಎಂದು ಕೇಳಿದ್ದಳು.

ಅಪ್ಪನ ಪಟದ ಮುಂದೆ ಊದುಬತ್ತಿ ಹಚ್ಚುವಾಗ ಅಮ್ಮ ಬಂದಳು.

"ಯಾರಿಗೋ ಇದು, ಶಿಗೆಕಿ?"

"ಪರಿಚಯದವಳು. ಹೋಗ್ಬಿಟ್ಲು."

"ಅಯ್ಯೋ ಪಾಪ. ಹೆಸರೇನು? ನಾನೂ ಕೈಮುಗೀತೀನಿ."

"ಗೊತ್ತಿಲ್ಲಮ್ಮ."

"ವಯಸ್ಸು?"

"ಅದೂ ಗೊತ್ತಿಲ್ಲ."

"ಮತ್ತೆ ಪರಿಚಯ ಅಂದ್ಯಲ್ಲೋ?"

ಊದುಬತ್ತಿಯನ್ನು ಬೂದಿಯಲ್ಲಿ ನೆಟ್ಟೆ. ಅಮ್ಮ ಸುಮ್ಮನೆ ಕೈಮುಗಿದಳು.

ಈಗ ಅವಳ ಹೋದ ತಿಂಗಳ ಪ್ರಸಾರವನ್ನೇ ಮತ್ತೆ ಹಾಕಿಕೊಂಡಿದ್ದೇನೆ. ಮಾತಿನ ನಡುವೆ ಕೆಮ್ಮುತ್ತಾಳೆ, "ಕ್ಷಮಿಸಿ" ಎನ್ನುತ್ತಾಳೆ, ಮತ್ತೆ ಕೆಮ್ಮುತ್ತಾಳೆ. ಆ ಕೆಮ್ಮಿಗೂ ಎಲ್ಲರೂ ನಗುವ ಮುಖಗಳನ್ನು ಕಳಿಸಿದ್ದರು. ನಾನೂ ಒಂದು ಕಳಿಸಿದ್ದೆ.