ಚನ್ನಿಯ ಶಿವದಾರ

ಮಧುಗಿರಿ
೩ನೇ ನವೆಂಬರ್ ೧೯೩೪

ಚಿ. ಸೌ. ಸರ್ವಮಂಗಳೆಗೆ ಅತ್ತೆ ಇಂದ್ರಮ್ಮ ಮನಸಾರೆ ಮಾಡುವ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮವೆಂದು ಬರೆದು ಮುಂದಕ್ಕೆ ಹೋಗಬೇಕು. ಆದರೆ ನೀನು ಚನ್ನಿಯನ್ನು ಕಂಕುಳಲ್ಲಿ ಎತ್ತಿಕೊಂಡು ಕೊರಟಗೆರೆಯ ಬಸ್ಸು ಹತ್ತಿ ಎರಡು ತಿಂಗಳಾಯಿತು. ನಿನ್ನ ಗಂಡ ಮಹಾಲಿಂಗ ತಟ್ಟೆಯ ಮುಂದೆ ಕುಳಿತು ಹಾಗೇ ಎದ್ದು ಹೋಗುತ್ತಾನೆ. ಇಂಥ ಮನೆಯನ್ನು ಕ್ಷೇಮವೆಂದು ಹೇಗೆ ಬರೆಯಲಿ? ಈ ಕಾಗದವನ್ನು ಮಹಾಲಿಂಗನ ಕೈಯಲ್ಲಿ ಬರೆಸಲಿಲ್ಲ. ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ನಗಬೇಡ, ಮೂರು ದಿನದಿಂದ ನಾನೇ ಕುಳಿತು ಬರೆಯುತ್ತಿದ್ದೇನೆ.

ನಾನು ಹೊಸೆದ ಶಿವದಾರಕ್ಕೆ ನಮ್ಮ ಬೀದಿಯಲ್ಲಿ ಎಂಥ ಹೆಸರಿದೆ ಎಂದು ನಿನಗೆ ಗೊತ್ತು. ಮೂರೆಳೆ ಹುರಿ, ಮೇಲೆ ಗಂಜಿ, ಅದರ ಮೇಲೆ ಜೇನುಮೇಣ. ಕೊರಳಲ್ಲಿ ಲಿಂಗ ಹೊತ್ತು ಹತ್ತು ವರ್ಷ ಕಳೆದರೂ ಹರಿಯುವುದಿಲ್ಲ. ಅಂಥ ದಾರವನ್ನು ಚನ್ನಿ ಹಲ್ಲಿನಿಂದ ಕಚ್ಚಿ ಹರಿದಳು. ಆರು ವರ್ಷದ ಮಗು, ಮಾತು ಬಾರದು, ಕರೆದರೆ ತಿರುಗಿ ನೋಡದು, ಅದು ಕೊರಳಿನ ಲಿಂಗವನ್ನೇ ಕಿತ್ತು ಎಸೆದರೆ ನಮ್ಮಂಥವರ ಮನೆಯಲ್ಲಿ ಏನೆಂದುಕೊಳ್ಳುತ್ತಾರೆ ಹೇಳು. ಏನೋ ಮೆಟ್ಟಿದೆ ಎಂದುಕೊಂಡೆ. ಅವಳು ಹರಿದಾಗಲೆಲ್ಲ ನಾನು ಹುರಿ ಇನ್ನಷ್ಟು ಬಿಗಿದು, ಗಂಜಿ ಇನ್ನಷ್ಟು ಗಟ್ಟಿಯಾಗಿ ಹಾಕಿ ಕಟ್ಟಿದೆ. ನಾನೂ ಹಟದ ಹೆಂಗಸೇ.

ನಮಗೆ ಅರಳೆ ತಂದುಕೊಡುವ ಸಿರಾದ ಅಮೀರ್ ಬಿ ಒಂದು ಸಲ ಜಗಲಿಯ ಮೇಲೆ ಕುಳಿತು ಇದನ್ನು ನೋಡಿದಳು. "ಮಗಾ ಹಟ ಮಾಡ್ತಿಲ್ಲ ಕಣಮ್ಮ, ಅದಕ್ಕೆ ನೋಯ್ತೈತೆ, ನಮಗಿಂತ ಹತ್ತುಪಟ್ಟು ತಾಕ್ತೈತೆ. ನನ್ ಮಗ್ಳು ಶರ್ಫುನ್ನೀಸಾನೂ ಹಿಂಗೇ ಇದ್ಲು" ಎಂದಳು. ಅರಳೆ ಮಾರಲು ಬಂದವಳು ಅರಳೆ ಮಾರಿ ಹೋಗಲಿ ಎಂದು ನಾನು ಮುಖ ತಿರುಗಿಸಿದೆ. ನೀನು ಮಾತ್ರ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗಂಟೆಗಟ್ಟಲೆ ಮಾತಾಡಿದೆ. ಅದಕ್ಕೂ ನಾನು ಕೊಂಕು ನುಡಿದೆ.

ಆಮೇಲೆ ಆ ಶುಕ್ರವಾರ. ಮಗುವಿನ ಕೊರಳಲ್ಲಿ ದಾರವೇ ಇರಲಿಲ್ಲ. ನಿನ್ನ ಹಳೆಯ ಸೀರೆಯ ತುಂಡಿನಲ್ಲಿ ಲಿಂಗವನ್ನು ಸುತ್ತಿ ನೀನು ಅವಳ ತೋಳಿಗೆ ಕಟ್ಟಿದ್ದೆ. ಹರಕು ಬಟ್ಟೆಯಲ್ಲಿ ಲಿಂಗ ಕಟ್ಟಿದ್ದಾಳೆ ಎಂದು ನನಗೆ ಮೈ ಉರಿದುಹೋಯಿತು. ಆ ಬಟ್ಟೆ ಬಿಚ್ಚಿ ಬಿಸಾಡಿ, ನಾಲ್ಕೆಳೆಯ ಹೊಸ ದಾರ ಕೊರಳಿಗೆ ಕಟ್ಟಿದೆ. ಮಗು ಕಿರುಚಿ ಕಿರುಚಿ ಕೊರಳನ್ನು ಪರಚಿಕೊಂಡು ರಕ್ತ ಬರಿಸಿಕೊಂಡಿತು. ಪಾವಗಡದ ಆಚೆಯ ಗದ್ದುಗೆಯಲ್ಲಿ ಒಂದು ಮಂಡಲ, ನಲವತ್ತೆಂಟು ದಿನ, ಮಗುವನ್ನು ಕಂಬಕ್ಕೆ ಕಟ್ಟಿಬಿಟ್ಟರೆ ಎಲ್ಲ ಇಳಿಯುತ್ತದೆ, ಸೋಮವಾರವೇ ಗಾಡಿ ಕಟ್ಟಿಸುತ್ತೇನೆ ಎಂದು ನಾನು ಹೇಳಿದೆ. ಅಷ್ಟೇ ಹೇಳಿ ಸುಮ್ಮನಾಗಬಾರದಿತ್ತೇ? ಇದೆಲ್ಲ ನಿಮ್ಮ ತವರಿನ ರಕ್ತದ್ದು ಎಂದೂ ಅಂದೆ. ನೀನು ರಾತ್ರಿಯೇ ಗಂಟು ಕಟ್ಟಿದೆ. ಬೆಳಗಿನ ಮೊದಲ ಬಸ್ಸಿಗೆ ಹೊರಟೆ.

ಇನ್ನು ಮುಖ್ಯವಾದ ಸಂಗತಿ. ಹೋದ ವಾರ ದೀಪಾವಳಿಗೆಂದು ಸುಣ್ಣ ಬಳಿಸಲು ಉಗ್ರಾಣ ಖಾಲಿಮಾಡಿಸಿದೆ. ಬಾಗಿಲ ಹಿಂಬದಿಯಲ್ಲಿ ನೀನು ಇದ್ದಲಿನಿಂದ ಬರೆದದ್ದು ಕಂಡಿತು. ಓದುತ್ತಾ ಅಲ್ಲೇ ಗೋಣಿಯ ಮೇಲೆ ಕುಳಿತೆ.

"ಸೋಮವಾರ. ಅತ್ತೆಯವರ ಹೊಸ ದಾರ. ಮಧ್ಯಾಹ್ನದವರೆಗೆ ಅಳು. ಮಂಗಳವಾರ. ಸ್ನಾನದಲ್ಲಿ ದಾರ ನೆನೆದು ಮೆತ್ತಗಾಗಿತ್ತು. ಅಳಲಿಲ್ಲ. ಬುಧವಾರ. ಮನೆ ತುಂಬ ನೆಂಟರು, ಗಲಾಟೆ. ಕಿವಿ ಮುಚ್ಚಿಕೊಂಡು ಒರಳಿನ ಹಿಂದೆ ಕುಳಿತಳು. ಒಬ್ಬಳನ್ನೇ ಬಿಟ್ಟೆ, ತಾನೇ ಸಮಾಧಾನವಾಯಿತು." ಹೀಗೆಯೇ ಮೇಲಿನಿಂದ ಕೆಳಗಿನವರೆಗೆ, ಎಷ್ಟು ವಾರಗಳದ್ದೋ! ಒಂದು ಕಡೆಯೂ ಹುಚ್ಚು ಎಂದು ಬರೆದಿಲ್ಲ. ಒಂದು ಕಡೆಯೂ ನನ್ನನ್ನು ಬೈದಿಲ್ಲ. ನಾಡಿ ಹಿಡಿದ ಪಂಡಿತರು, ತಾಯಿತ ಕಟ್ಟಿದವರು, ನಾನು, ನಾವೆಲ್ಲ ಮಗುವಿಗೆ ಏನಾಗಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ನೀನು ಒಬ್ಬಳೇ ಮಗುವನ್ನೇ ನೋಡಿದೆ. ನಿನ್ನ ಜಾಣತನಕ್ಕೆ ಏನು ಹೇಳಲಿ ಸರ್ವಮಂಗಳಾ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಕೊನೆಯ ಸಾಲು ಹೀಗಿತ್ತು: "ಶುಕ್ರವಾರ. ಹಳೆ ಸೀರೆಯ ತುಂಡು, ತೋಳಿಗೆ. ಬೆಳಗಿನಿಂದ ಆಟ. ನನ್ನ ಗಲ್ಲ ಮುಟ್ಟಿ ಅವ್ವಾ ಎಂದಳು."

ಆರು ವರ್ಷ ಕಾದ ಮಾತು ಬಂದ ದಿನವೇ ನಾನು ಆ ಬಟ್ಟೆಯನ್ನು ಬಿಚ್ಚಿ ಬಿಸಾಡಿದೆ. ನೀನು ಹೇಳಬಾರದಿತ್ತೇ ಎಂದು ಮೊದಲು ನಿನ್ನ ಮೇಲೇ ಸಿಟ್ಟು ಬಂತು. ಹೇಳಲು ನಾನು ಎಲ್ಲಿ ಬಿಟ್ಟೆ?

ಮಾರನೆಯ ದಿನ ನೀನು ಬಿಚ್ಚಿಟ್ಟು ಹೋಗಿದ್ದ ಆ ನಾಲ್ಕೆಳೆಯ ದಾರವನ್ನು ನಾನೇ ಕೊರಳಿಗೆ ಕಟ್ಟಿಕೊಂಡೆ. ಐವತ್ತೆಂಟು ವರ್ಷದ ಬಿಸಿಲು ಕಂಡ ಚರ್ಮ ನನ್ನದು. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಗಂಜಿ ಬಿರುಸಾಗಿ, ಮುಳ್ಳುಬೇಲಿಗೆ ಕೊರಳು ಒಡ್ಡಿದ ಹಾಗಾಯಿತು. ಆ ಕೂಸಿಗೆ ನಮಗಿಂತ ಹತ್ತುಪಟ್ಟು ತಾಕುತ್ತದೆ ಎಂದು ಅಮೀರ್ ಬಿ ಅಂದಿದ್ದು ಆಗ ನೆನಪಾಯಿತು. ನಾಚಿಕೆ ಬಿಟ್ಟು ಸಿರಾಕ್ಕೆ ಹೋದೆ. ಶರ್ಫುನ್ನೀಸಾಳನ್ನು ನೋಡಿದೆ. ಇಪ್ಪತ್ತು ವರ್ಷದ ಹುಡುಗಿ, ನನ್ನ ಮುಖ ನೋಡಿ ಮಾತಾಡಲಿಲ್ಲ, ಆದರೆ ಕಣ್ಣು ಮುಚ್ಚಿ ಅರಳೆ ಮುಟ್ಟಿ ಯಾವ ಊರಿನ ಹತ್ತಿ ಎಂದು ಹೇಳುತ್ತಾಳೆ! ಇಂಥ ಮಕ್ಕಳಿರುವ ಮನೆಗಳು ಕೊಳಾಲದಲ್ಲೊಂದು, ಮಧುಗಿರಿಯಲ್ಲೇ ಇನ್ನೊಂದು ಇವೆಯಂತೆ. ಎಲ್ಲರೂ ಬಾಗಿಲು ಮುಚ್ಚಿಕೊಂಡು ತಮಗೊಬ್ಬರಿಗೇ ಹೀಗೆ ಎಂದುಕೊಂಡಿದ್ದಾರೆ. ಅಮೀರ್ ಬಿ ಅರಳೆ ಹೊತ್ತು ಅವರ ಮನೆಗಳಿಗೂ ಹೋಗುವವಳು. "ಒಬ್ರಿಗೊಬ್ರು ಕೂತ್ಕಂಡು ಮಾತಾಡ್ಕಂಡ್ರೆ ಅರ್ಧ ಭಾರ ಇಳೀತೈತೆ ಕಣಮ್ಮ" ಎನ್ನುತ್ತಾಳೆ. ಅಮಾವಾಸ್ಯೆ ಕಳೆದ ಸೋಮವಾರ ಅವರೆಲ್ಲ ನಮ್ಮ ಜಗಲಿಗೇ ಬರಲಿ ಎಂದು ಹೇಳಿ ಕಳಿಸಿದ್ದೇನೆ. ನೀನು ಬರೆದದ್ದನ್ನು ಅವರಿಗೂ ಓದಿ ಹೇಳಬೇಕು. ಆ ಬಾಗಿಲಿಗೆ ಸುಣ್ಣ ಸೋಕಿಸಲಿಲ್ಲ.

ಮಠದ ರೇಣುಕಯ್ಯನವರನ್ನೂ ಕೇಳಿದೆ. ಲಿಂಗ ಅಂಗದ ಮೇಲಿದ್ದರೆ ಸಾಕು, ಬಟ್ಟೆ ಹೊಸದೋ ಹಳೆಯದೋ ಎಂದು ಶಿವ ಮುಟ್ಟಿ ನೋಡುವುದಿಲ್ಲ ಎಂದರು. ಗದ್ದುಗೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿಯಾಯಿತು. ನಾನು ಬದುಕಿರುವವರೆಗೆ ಆ ಮಾತು ಈ ಮನೆಯಲ್ಲಿ ಏಳುವುದಿಲ್ಲ. ಒರಳಿನ ಹಿಂದಿನ ಮೂಲೆಯಲ್ಲಿ ಚನ್ನಿಗೆಂದು ಚಾಪೆ ಹಾಸಿದ್ದೇನೆ. ಅವಳು ಅಲ್ಲಿ ಕುಳಿತಾಗ ಯಾರೂ ಕರೆಯಕೂಡದು ಎಂದು ಮಹಾಲಿಂಗನಿಗೂ ತಾಕೀತು ಮಾಡಿದ್ದೇನೆ.

ಹಬ್ಬಕ್ಕೆ ಬಾ ಎಂದು ಕರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಪಟಾಕಿ ಜಾಸ್ತಿ, ಮಗು ತಡೆಯಲಾರದು. ಹಬ್ಬ ಕಳೆದು ಬೀದಿ ತಣ್ಣಗಾದ ಮೇಲೆ ಬಾ. ಬರಲು ಮನಸ್ಸಿಲ್ಲದಿದ್ದರೆ ನಾನೇ ಕೊರಟಗೆರೆಗೆ ಬರುತ್ತೇನೆ, ನಿಮ್ಮ ತಂದೆಯವರ ಮುಂದೆ ತಪ್ಪಾಯಿತು ಎನ್ನುತ್ತೇನೆ. ಇದರೊಂದಿಗೆ ಒಂದು ದಾರ ಇಟ್ಟಿದ್ದೇನೆ. ಒಂದೇ ಎಳೆ, ಗಂಜಿಯಿಲ್ಲ, ಮೇಣವಿಲ್ಲ, ಶರ್ಫುನ್ನೀಸಾ ಆರಿಸಿಕೊಟ್ಟ ಅರಳೆ. ನಾಲ್ಕು ದಿನಕ್ಕೆ ಹರಿದುಹೋಗುತ್ತದೆ. ಹರಿಯಲಿ, ಮತ್ತೆ ಹೊಸೆಯುತ್ತೇನೆ. ಚನ್ನಿಗೆ ಹಿಡಿಸದಿದ್ದರೆ ನಿನ್ನ ಸೀರೆಯ ತುಂಡೇ ಇರಲಿ.

ನಿನ್ನಿಂದ ಕಲಿಯುತ್ತಿರುವ ನಿನ್ನ ಅತ್ತೆ,
ಇಂದ್ರಮ್ಮ

ತಾ. ಕ.: ಮಹಾಲಿಂಗನಿಗೂ ಹೇಳದ ಒಂದು ಮಾತಿದೆ. ನನಗೊಬ್ಬ ತಮ್ಮನಿದ್ದ. ಮಾತಾಡುತ್ತಿರಲಿಲ್ಲ, ದಾರ ಕಟ್ಟಿದರೆ ಹರಿಯುತ್ತಿದ್ದ. ಹರಿಯದ ದಾರ ಹೊಸೆಯುವುದನ್ನು ನಮ್ಮವ್ವ ನನಗೆ ಕಲಿಸಿದ್ದೇ ಅವನಿಗಾಗಿ. ಏಳನೆಯ ವರ್ಷದಲ್ಲಿ ಅವನನ್ನು ಅದೇ ಗದ್ದುಗೆಗೆ ಬಿಟ್ಟುಬಂದರು, ಮಂಡಲ ಮುಗಿಯುವ ಮೊದಲೇ ಸುದ್ದಿ ಬಂತು. ನನಗೆ ಗಂಡು ಸಿಕ್ಕುವುದಿಲ್ಲವೆಂದು ಆಮೇಲೆ ಯಾರೂ ಅವನ ಹೆಸರೆತ್ತಲಿಲ್ಲ. ಚನ್ನಮಲ್ಲಯ್ಯ ಎಂದು ಹೆಸರು. ನಿನ್ನ ಮಗಳಿಗೆ ಚನ್ನಮಲ್ಲಮ್ಮ ಎಂದೇ ಇಡಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ. ಆ ರಕ್ತ ನಿನ್ನ ತವರಿನದಲ್ಲ ಸರ್ವಮಂಗಳಾ, ನನ್ನದು. ನಿನ್ನ ಹಾಗೆ ನೋಡುವವರು ಒಬ್ಬರಾದರೂ ಆ ಮನೆಯಲ್ಲಿದ್ದಿದ್ದರೆ ಅವನಿಗೆ ಈಗ ಐವತ್ತನಾಲ್ಕು ವರ್ಷವಾಗಿರುತ್ತಿತ್ತು.